ಸಾಲಕ್ಕೆ ದಲ್ಲಾಳಿ ಬೇಡ, ಸಲಹೆಗಾರ ಬೇಕು

ಸಣ್ಣ ಉದ್ಯಮಗಳಿಗೆ ಬಂಡವಾಳ ಸಿಗುತ್ತಿಲ್ಲವೆಂಬ ದೂರು ಹಳೆಯದು. ಪರಿಹಾರವೆಂದು ರೂಪಿಸಿದ ಯೋಜನೆಗಳೂ ಕಡಿಮೆಯಿಲ್ಲ. 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಿಡ್‌ಬಿ ಸೇರಿ ಸಾಲ ಖಾತರಿ ನಿಧಿಯನ್ನು ಸ್ಥಾಪಿಸಿದವು. 2008ರಲ್ಲಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಬಂತು. 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ನಿರ್ದೇಶಿಸಿತು. 2015ರಲ್ಲಿ ಮುದ್ರಾ ಆರಂಭವಾಯಿತು. ಇಷ್ಟಿದ್ದೂ ತಾಲ್ಲೂಕು ಕೇಂದ್ರದ ಬೇಕರಿಯವರು, ವೆಲ್ಡಿಂಗ್ ಅಂಗಡಿಯವರು ವಾರದ ಬಡ್ಡಿಯವರ ಬಳಿ ಕೈಯೊಡ್ಡುವುದೇಕೆ?

ಸೇವೆಯಲ್ಲಿದ್ದಾಗ ಇಂತಹ ಅರ್ಜಿಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ನನಗೆ ಕಂಡ ಮುಖ್ಯ ಕಾರಣ, ಉದ್ಯಮಿಯ ಲೆಕ್ಕ ಬ್ಯಾಂಕಿನ ಕಣ್ಣಿಗೆ ಬೀಳದಿರುವುದು. ದಿನದ ವ್ಯಾಪಾರ, ಉಳಿಯುವ ಲಾಭ ಎಲ್ಲವೂ ಆತನಿಗೆ ಬಾಯಿಪಾಠ. ಆದರೆ ವಹಿವಾಟು ನಗದಿನಲ್ಲೇ ನಡೆದಿರುವುದರಿಂದ ಪಾಸ್‌ಪುಸ್ತಕ ಬರಿದು. ಮಾಹಿತಿ ಸಾಲದಾದಾಗ, ಹೆಚ್ಚು ಬಡ್ಡಿ ತೆರಲು ಸಿದ್ಧರಿರುವವರಿಗೂ ಬ್ಯಾಂಕುಗಳು ಸಾಲ ನಿರಾಕರಿಸುತ್ತವೆಂದು ಅರ್ಥಶಾಸ್ತ್ರಜ್ಞರಾದ ಸ್ಟಿಗ್ಲಿಟ್ಜ್ ಮತ್ತು ವೈಸ್ 1981ರಲ್ಲಿ ತೋರಿಸಿಕೊಟ್ಟರು. ನಮ್ಮ ತಾಲ್ಲೂಕುಗಳಲ್ಲಿ ನಡೆಯುತ್ತಿರುವುದೂ ಅದೇ.

ಈ ತೆರವನ್ನು ದಲ್ಲಾಳಿಗಳು ತುಂಬಿದ್ದಾರೆ. ಮಂಜೂರಾದ ಮೊತ್ತದಲ್ಲಿ ಶೇಕಡಾವಾರು ಪಾಲು ಪಡೆಯುವ ಅವರಿಗೆ ಸಾಲ ದೊಡ್ಡದಾದಷ್ಟೂ ಲಾಭ; ಮರುಪಾವತಿಯ ಗೊಡವೆಯಿಲ್ಲ. ಜೋಳದ ರೊಟ್ಟಿ ಮಾರುತ್ತಿದ್ದ ಮಹಿಳೆಯೊಬ್ಬರಿಗೆ 2 ಲಕ್ಷ ರೂಪಾಯಿ ಸಾಕಿತ್ತು. ಸಹಾಯಧನದ ಆಸೆ ಹುಟ್ಟಿಸಿ 8 ಲಕ್ಷದ ಯಂತ್ರಕ್ಕೆ ಸಾಲ ಮಾಡಿಸಲಾಯಿತು. ಆ ಸಹಾಯಧನ ಕೈಗೆ ಬರುವ ಹಣವಲ್ಲ, ಮೂರು ವರ್ಷ ಠೇವಣಿಯಾಗಿದ್ದು ಬಳಿಕ ಸಾಲಕ್ಕೆ ಜಮೆಯಾಗುತ್ತದೆಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಯಂತ್ರ ಮೂಲೆ ಸೇರಿತು; ಕಂತು ಮಾತ್ರ ನಿಲ್ಲಲಿಲ್ಲ.

ಇಲ್ಲಿಯೇ ನಮ್ಮ ವಾಣಿಜ್ಯ ಪದವೀಧರರಿಗೆ ಊರಿನಲ್ಲೇ ಗೌರವದ ವೃತ್ತಿಯೊಂದು ಕಾದಿದೆ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಂದೆರಡು ವರ್ಷ ಪಳಗಿದವರು ಇದನ್ನು ಆರಂಭಿಸಬಹುದು. ವ್ಯಾಪಾರವನ್ನು ಬ್ಯಾಂಕ್ ಖಾತೆಯ ಮೂಲಕ ನಡೆಸಲು ಕಲಿಸುವುದು, ಉಚಿತವಾದ ಉದ್ಯಮ್ ನೋಂದಣಿಯನ್ನು ಮಾಡಿಸುವುದು, ಪ್ರಾಮಾಣಿಕ ಯೋಜನಾ ವರದಿ ಬರೆಯುವುದು, ಯಂತ್ರಕ್ಕೆ ಅವಧಿ ಸಾಲವೋ ಕಚ್ಚಾ ಸಾಮಗ್ರಿಗೆ ದುಡಿಯುವ ಬಂಡವಾಳವೋ ಎಂದು ವಿವೇಚಿಸುವುದು ಅವರ ಕೆಲಸ. ಕೆಲವೊಮ್ಮೆ ಸಾಲವೇ ಬೇಡವೆನ್ನಬೇಕಾಗುತ್ತದೆ. ಸಣ್ಣ ಉದ್ಯಮಗಳ ಬಾಕಿಯನ್ನು ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಅದು ವಸೂಲಾದರೆ ಎಷ್ಟೋ ಮಂದಿಗೆ ಸಾಲದ ಅಗತ್ಯವೇ ಬೀಳದು.

ಈ ವೃತ್ತಿಗೆ ಒಂದೇ ನಿಯಮ ಸಾಕು: ಶುಲ್ಕ ಕೆಲಸಕ್ಕಿರಲಿ, ಸಾಲದ ಮೊತ್ತಕ್ಕಲ್ಲ, ಅದನ್ನು ಮೊದಲೇ ನಿಗದಿಪಡಿಸಿ ರಸೀದಿ ಕೊಡಲಿ. ಸಾಲ ಬೇಡವೆಂದು ಹೇಳಿಯೂ ಹೊಟ್ಟೆ ಹೊರೆಯಬಲ್ಲವನೇ ನಿಜವಾದ ಸಲಹೆಗಾರ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟಿ ಗ್ರಾಮೀಣ ಯುವಕರನ್ನು ಸ್ವಉದ್ಯೋಗಕ್ಕೆ ಸಜ್ಜುಗೊಳಿಸುವ ಮಾದರಿಯನ್ನು ದೇಶಕ್ಕೇ ನೀಡಿತು. ಅಂತಹ ತರಬೇತಿ ಸಂಸ್ಥೆಗಳು ಈಗ ಸಲಹೆಗಾರರನ್ನೂ ತಯಾರು ಮಾಡಲಿ. ಮತ್ತೊಂದು ಹೊಸ ಯೋಜನೆಯನ್ನು ಘೋಷಿಸುವುದಕ್ಕಿಂತ ಇದು ಅಗ್ಗದ ಕೆಲಸ, ಹೆಚ್ಚು ಫಲ ಕೊಡುವ ಕೆಲಸ.