ಎಂಎಲ್‌ಎಗೆ ಫೋನ್ ಮಾಡಿದ್ರೆ ಬೆಡ್ ಸಿಗುತ್ತಾ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಕೇಳೋಕೆ ಟೈಮ್ ಇಲ್ದೆ ಇಲ್ಲಿ ಓದ್ತಿರೋರಿಗೂ.

2021ರ ಏಪ್ರಿಲ್, ಮೇ ನೆನಪಿದೆಯಾ? ಕೊರೊನಾ ಎರಡನೇ ಅಲೆ. ಆಗ ಪ್ರತಿ ವಾಟ್ಸ್ಯಾಪ್ ಗ್ರೂಪ್‌ನಲ್ಲೂ ಒಂದೇ ಮಾತು: ‘ಎಂಎಲ್‌ಎ ಕಡೆಯವರು ಯಾರಾದ್ರೂ ಗೊತ್ತಾ?’ ಬೆಡ್ ಬೇಕು, ಆಕ್ಸಿಜನ್ ಬೇಕು, ರೆಮ್‌ಡೆಸಿವಿರ್ ಬೇಕು. ಇವತ್ತು ಕೇಳೋ ಪ್ರಶ್ನೆ ಇಷ್ಟೇ. ಅಂಥ ಹೊತ್ತಲ್ಲಿ ಒಬ್ಬ ಶಾಸಕರ ಕೈಯಲ್ಲಿ ನಿಜವಾಗ್ಲೂ ಏನಿರುತ್ತೆ? ಅಧಿಕಾರ ಎಷ್ಟು, ದುಡ್ಡು ಎಷ್ಟು, ಬರೀ ಫೋನ್ ಎಷ್ಟು?

ಮೊದಲು ಕಾನೂನು ನೋಡೋಣ. ಕೊರೊನಾ ಕಾಲದಲ್ಲಿ ಲಾಕ್‌ಡೌನ್‌ನಿಂದ ಹಿಡಿದು ಮಾಸ್ಕ್‌ವರೆಗೆ ಬಹುತೇಕ ಆದೇಶಗಳು ಬಂದಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ. ಅದರ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇರುತ್ತೆ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಎಸ್‌ಪಿ ಸದಸ್ಯರು, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸದಸ್ಯರು. ಜನ ಆರಿಸಿದವರು ಅಂತ ಒಬ್ಬರೇ, ಸಹ ಅಧ್ಯಕ್ಷರು, ಅದು ಸ್ಥಳೀಯ ಸಂಸ್ಥೆಯಿಂದ. ಅಂದ್ರೆ ನಮ್ಮ ಕಡೆ ಜಿಲ್ಲಾ ಪಂಚಾಯತ್ ಅಧ್ಯಕ್ಷರು. ಎಂಎಲ್‌ಎ? ಆ ಪಟ್ಟಿಯಲ್ಲೇ ಇಲ್ಲ. ಊರೆಲ್ಲ ಯಾರ ಮನೆ ಮುಂದೆ ನಿಂತಿತ್ತೋ, ಅವರಿಗೆ ಆ ಕಾಯ್ದೆಯಲ್ಲಿ ಕುರ್ಚಿನೇ ಇಲ್ಲ.

ಹಾಗಾದ್ರೆ ಎಲ್ಲಾ ಫೋನ್ ಅವರಿಗೇ ಯಾಕೆ ಹೋಯ್ತು? ಇದು ನಂಗೆ ತುಂಬಾ ಮುಖ್ಯ ಅನ್ಸುತ್ತೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಬೆಂಗಳೂರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಚುನಾವಣೆ ನಡೀಲಿಲ್ಲ. ಅಂದ್ರೆ ಎರಡನೇ ಅಲೆ ಬರೋ ಹೊತ್ತಿಗೆ 198 ವಾರ್ಡ್‌ಗಳಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಅಧಿಕಾರದಲ್ಲಿ ಇರಲಿಲ್ಲ. ಮನೆ ಹತ್ರ ಸಿಗ್ತಿದ್ದ, ಬೀದಿ ಹೆಸರು ಹೇಳಿದ್ರೆ ಗೊತ್ತಾಗ್ತಿದ್ದ 198 ಜನರ ಕೆಲಸ ಹೋಗಿ 28 ಶಾಸಕರ ತಲೆ ಮೇಲೆ ಬಿತ್ತು. ಜಿಲ್ಲೆಗಳ ಕಥೆನೂ ಹೆಚ್ಚುಕಮ್ಮಿ ಅದೇ. ಜಿಲ್ಲಾ, ತಾಲೂಕು ಪಂಚಾಯತ್‌ಗಳ ಅವಧಿ ಮುಗಿದಿದ್ದು 2021ರ ಏಪ್ರಿಲ್-ಮೇ ಆಸುಪಾಸಲ್ಲಿ, ಸರಿಯಾಗಿ ಅಲೆ ಏರ್ತಿದ್ದಾಗ. ಪ್ರಾಧಿಕಾರದಲ್ಲಿ ಜನರ ಪರ ಕೂರಬೇಕಾದ ಆ ಒಂದು ಕುರ್ಚಿನೂ ಖಾಲಿಯಾಗೋ ಸ್ಥಿತಿ.

ಸರ್ಕಾರಕ್ಕೂ ಇದು ಗೊತ್ತಿತ್ತು. ಅದಕ್ಕೇ ಶಾಸಕರ ಅಧ್ಯಕ್ಷತೆಯಲ್ಲಿ ಟಾಸ್ಕ್ ಫೋರ್ಸ್ ಮಾಡಿದ್ರು. ತಹಶೀಲ್ದಾರ್, ತಾಲೂಕು ಆರೋಗ್ಯಾಧಿಕಾರಿ ಎಲ್ಲರನ್ನೂ ಕೂರಿಸ್ಕೊಂಡು ಮೀಟಿಂಗ್ ಮಾಡೋ ಅವಕಾಶ ಅದು. ಒಳ್ಳೆ ಶಾಸಕರು ಅದನ್ನ ಚೆನ್ನಾಗಿ ಬಳಸಿದ್ರು. ಕೆಲವರು ಫೋಟೋಗೆ ಬಳಸಿದ್ರು, ಅದೂ ನಿಮಗೆ ಗೊತ್ತು.

ಈಗ ದುಡ್ಡಿಗೆ ಬರೋಣ. ಬಿಕಾಂ ಓದಿದವನು ನಾನು, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಕರ್ನಾಟಕದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸಂಸದರಿಗೆ 5 ಕೋಟಿ. ಈ ದುಡ್ಡು ಅವರ ಅಕೌಂಟ್‌ಗೆ ಬರಲ್ಲ, ತುಂಬಾ ಜನ ಹಾಗೇ ಅಂದ್ಕೊಂಡಿದ್ದಾರೆ. ಅವರು ‘ಈ ಕೆಲಸ ಮಾಡಿ’ ಅಂತ ಶಿಫಾರಸು ಪತ್ರ ಕೊಡ್ತಾರೆ, ಮಂಜೂರು ಮಾಡೋದು ಜಿಲ್ಲಾಡಳಿತ. ಇನ್ನೊಂದು ಷರತ್ತೂ ಇದೆ. ಈ ನಿಧಿ ಇರೋದು ಬಾಳಿಕೆ ಬರೋ ಆಸ್ತಿಗೆ. ಅಕೌಂಟೆನ್ಸಿ ಕ್ಲಾಸಲ್ಲಿ ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಅಂತ ಓದಿದ್ವಲ್ಲ, ಅದೇ ವ್ಯತ್ಯಾಸ. ಆಂಬುಲೆನ್ಸ್ ಕೊಳ್ಳಬಹುದು, ಡ್ರೈವರ್ ಸಂಬಳ ಕೊಡೋಕಾಗಲ್ಲ. ವೆಂಟಿಲೇಟರ್ ತರಬಹುದು, ಅದನ್ನ ನಡೆಸೋಕೆ ಬೇಕಾದ ಅರಿವಳಿಕೆ ತಜ್ಞರನ್ನ, ನರ್ಸ್‌ಗಳನ್ನ ತರೋಕಾಗಲ್ಲ. ಪೆಟ್ಟಿಗೆ ಬಿಚ್ಚದ ಮೆಷೀನು ತಾಲೂಕು ಆಸ್ಪತ್ರೆ ಮೂಲೆಯಲ್ಲಿ ಯಾಕೆ ಕೂತಿರುತ್ತೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಸಂಸದರ ನಿಧಿಗೆ ಇನ್ನೊಂದು ವಿಚಿತ್ರ ಆಯ್ತು. 2020ರ ಮಾರ್ಚ್ 24ಕ್ಕೆ ಕೇಂದ್ರ ಒಂದು ಸುತ್ತೋಲೆ ಹೊರಡಿಸಿ, ಈ ನಿಧಿಯಿಂದ ಪಿಪಿಇ ಕಿಟ್, ಥರ್ಮಾಮೀಟರ್ ಥರದ್ದನ್ನೂ ಕೊಳ್ಳಬಹುದು ಅಂತ ವಿನಾಯಿತಿ ಕೊಡ್ತು. ಎರಡು ವಾರ ಆಗೋದರೊಳಗೆ, ಏಪ್ರಿಲ್ 6ಕ್ಕೆ, ಇಡೀ ನಿಧಿಯನ್ನೇ ಎರಡು ವರ್ಷಕ್ಕೆ ನಿಲ್ಲಿಸಿಬಿಡ್ತು! ಸುಮಾರು 790 ಸಂಸದರು, ತಲಾ 5 ಕೋಟಿ, ಎರಡು ವರ್ಷ. ಸರ್ಕಾರವೇ ಹೇಳಿದ ಮೊತ್ತ 7,900 ಕೋಟಿ ಆಸುಪಾಸು, ಅದು ದೇಶದ ಸಂಚಿತ ನಿಧಿಗೆ ಹೋಯ್ತು. ವಾದ ಎರಡೂ ಕಡೆ ಇದೆ. ಒಟ್ಟಿಗೆ ಖರ್ಚು ಮಾಡಿದ್ರೆ ಹೆಚ್ಚು ಉಪಯೋಗ ಅಂತ ಸರ್ಕಾರ. ನಮ್ಮ ಜಿಲ್ಲೆಗೆ ಏನು ಬೇಕು ಅಂತ ದೆಹಲಿಗೆ ಹೇಗೆ ಗೊತ್ತಾಗುತ್ತೆ ಅಂತ ಸಂಸದರು. ನನ್ನ ಅಭಿಪ್ರಾಯ ಕೇಳಿದ್ರೆ, ಸಂಸದರ ಮಾತಲ್ಲಿ ಹುರುಳಿತ್ತು. 2021ರ ನವೆಂಬರ್‌ನಲ್ಲಿ ನಿಧಿ ಮತ್ತೆ ಶುರುವಾಯ್ತು, ಆ ವರ್ಷದ ಉಳಿದ ಭಾಗಕ್ಕೆ ತಲಾ 2 ಕೋಟಿ. ಅಷ್ಟರಲ್ಲಿ ಎರಡನೇ ಅಲೆ ಬಂದು, ಜನರನ್ನ ಕರ್ಕೊಂಡು ಹೋಗಿ ಆಗಿತ್ತು.

ದುಡ್ಡು, ಕಾನೂನು ಎರಡೂ ಪಕ್ಕಕ್ಕಿಟ್ಟು ಕಾಲಲ್ಲಿ ನಡೆದವರೂ ಇದ್ದಾರೆ. ತೆಲಂಗಾಣದ ಮುಲುಗು ಶಾಸಕಿ ಸೀತಕ್ಕ. 2020ರ ಲಾಕ್‌ಡೌನ್‌ನಲ್ಲಿ ದಿನಸಿ ಮೂಟೆ ಹೊತ್ಕೊಂಡು, ರಸ್ತೆ ಇಲ್ಲದ ಆದಿವಾಸಿ ಹಾಡಿಗಳಿಗೆ ಕಾಡೊಳಗೆ ನಡ್ಕೊಂಡು ಹೋದ್ರು. ಮಹಾರಾಷ್ಟ್ರದ ಪಾರ್ನೇರ್‌ನ ಆಗಿನ ಶಾಸಕ ನಿಲೇಶ್ ಲಂಕೆ ಭಾಳವಣಿ ಅನ್ನೋ ಊರಲ್ಲಿ 1,100 ಹಾಸಿಗೆಯ ಕೋವಿಡ್ ಕೇಂದ್ರ ಶುರು ಮಾಡಿ, ರೋಗಿಗಳ ಮಧ್ಯೆನೇ ಮಲಗ್ತಿದ್ರು. ನಮ್ಮ ಹೊನ್ನಾಳಿಯ ರೇಣುಕಾಚಾರ್ಯ ಕೂಡ ಕೋವಿಡ್ ಕೇಂದ್ರದಲ್ಲೇ ಉಳ್ಕೊಂಡು, ಡ್ಯಾನ್ಸ್ ಮಾಡಿ, ಯೋಗ ಮಾಡಿ, ಅಲ್ಲೇ ಹೋಮ ಮಾಡ್ಸಿ ಟೀಕೆನೂ ತಿಂದ್ರು. ನಗಬೇಡಿ. ಮನೆಯವರು ಹತ್ರ ಬರದ ಕಾಲದಲ್ಲಿ ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತ ಅನ್ನೋದು ರೋಗಿಗೆ ಸಣ್ಣ ವಿಷಯ ಅಲ್ಲ.

ಆದ್ರೆ ಬೆಡ್ ವಿಷಯವೇ ಬೇರೆ. ಬೆಂಗಳೂರಲ್ಲಿ ಆಗ ಇದ್ದ ವ್ಯವಸ್ಥೆ ಹೀಗಿತ್ತು: ಟೆಸ್ಟ್ ಪಾಸಿಟಿವ್ ಬಂದ್ರೆ ಬಿಯು ನಂಬರ್ ಬರುತ್ತೆ, 1912ಕ್ಕೆ ಫೋನ್ ಮಾಡಿ, ವಾರ್ ರೂಮ್‌ನವರು ಸರ್ಕಾರಿ ಕೋಟಾದ ಬೆಡ್ ಕೊಡಬೇಕು. ಇದರಲ್ಲಿ ಶಾಸಕರ ಫೋನ್ ಮಾಡೋದೇನು? ಹೊಸ ಬೆಡ್ ಹುಟ್ಟಿಸಲ್ಲ. ಸಾಲಲ್ಲಿ ಒಬ್ಬರನ್ನ ಮುಂದೆ ತರುತ್ತೆ, ಆ ಕ್ಷಣ ಇನ್ಯಾರೋ ಒಬ್ಬರು ಹಿಂದೆ ಹೋಗ್ತಾರೆ. ನಮ್ಮ ಮನೆಯಲ್ಲೂ ಒಬ್ಬ ಶಾಸಕರ ಪಿಎಗೆ ಫೋನ್ ಮಾಡಿದ್ವಿ, ಚಿಕ್ಕಪ್ಪನಿಗೆ ಬೆಡ್ ಸಿಕ್ತು. ಖುಷಿಪಟ್ವಿ. ಹಿಂದೆ ಸರಿದವರು ಯಾರು ಅಂತ ಗೊತ್ತಾಗೋಕೆ ದಾರಿನೇ ಇಲ್ಲ.

ವ್ಯವಸ್ಥೆ ಕೆಟ್ಟಿದ್ರೆ ಅದನ್ನ ಪ್ರಶ್ನೆ ಮಾಡೋದೂ ಜನಪ್ರತಿನಿಧಿಯ ಕೆಲಸನೇ. ಹೇಗೆ ಮಾಡ್ತಾರೆ ಅನ್ನೋದು ಮುಖ್ಯ. 2021ರ ಮೇ ಮೊದಲ ವಾರ ದಕ್ಷಿಣ ವಲಯದ ವಾರ್ ರೂಮ್‌ಗೆ ಸಂಸದರು, ಶಾಸಕರು ಹೋಗಿ ಬೆಡ್ ಬ್ಲಾಕಿಂಗ್ ದಂಧೆ ಅಂತ ಬಯಲಿಗೆಳೆದ್ರು. ಆ ಆರೋಪ ಗಂಭೀರವಾಗಿತ್ತು, ತನಿಖೆಯೂ ಆಯ್ತು. ಆದ್ರೆ ಕ್ಯಾಮೆರಾ ಮುಂದೆ ಓದಿದ್ದು ಒಂದೇ ಸಮುದಾಯದ ನೌಕರರ ಹೆಸರು. ಆ ಹುಡುಗರ ಕೆಲಸ ಹೋಯ್ತು, ಹೆಸರು ಫೋನಿಂದ ಫೋನಿಗೆ ಹರಿದಾಡ್ತು. ಲೈವ್ ವಿಡಿಯೋದಲ್ಲಿ ತೀರ್ಪು ಕೊಡೋದು ಶಾಸಕರ ಕೆಲಸ ಅಲ್ಲ.

ಅದೇ ವಾರ ಚಾಮರಾಜನಗರ. ಮೇ 2ರಿಂದ 3ರ ಬೆಳಗ್ಗೆಯೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ತೀರಿಕೊಂಡ್ರು. ಸಿಲಿಂಡರ್ ಬರಬೇಕಿದ್ದು ಮೈಸೂರಿಂದ. ಆ ರಾತ್ರಿ ಯಾವ ಶಾಸಕರು ಎಷ್ಟು ಫೋನ್ ಮಾಡಿದ್ರೂ ಗಾಳಿಯಿಂದ ಆಮ್ಲಜನಕ ಬೇರ್ಪಡಿಸೋ ಘಟಕ ಬೆಳಗಾಗೋದರೊಳಗೆ ಹುಟ್ಟಲ್ಲ. ಅದು ಒಂದು ವರ್ಷ ಮುಂಚೆ, ಯಾರೂ ಕ್ಯಾಮೆರಾ ಹಿಡಿಯದ ಮೀಟಿಂಗಲ್ಲಿ ಆಗಬೇಕಿದ್ದ ಕೆಲಸ. ತಾಲೂಕು ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತೆ, ಸಾಮಾನ್ಯವಾಗಿ ಶಾಸಕರೇ ಅದರ ಅಧ್ಯಕ್ಷರು. ‘ನಮ್ಮಲ್ಲಿ ಎಷ್ಟು ಗಂಟೆಗೆ ಸಾಕಾಗೋಷ್ಟು ಆಕ್ಸಿಜನ್ ಇದೆ? ಎಷ್ಟು ನರ್ಸ್ ಹುದ್ದೆ ಖಾಲಿ?’ ಅಂತ ಅಲ್ಲಿ ಕೇಳಬೇಕು. ಉತ್ತರ ಸಿಗದಿದ್ರೆ ವಿಧಾನಸಭೆಯಲ್ಲಿ ಪ್ರಶ್ನೆ ಹಾಕಬೇಕು, ಅಲ್ಲಿ ಸಚಿವರು ಉತ್ತರ ಕೊಡಲೇಬೇಕು.

ಇದು ಕೊರೊನಾ ಕಥೆ ಮಾತ್ರ ಅಂದ್ಕೋಬೇಡಿ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸ್ತು. ಮಲೆನಾಡಲ್ಲಿ ಮಂಗನ ಕಾಯಿಲೆ ಬೇಸಿಗೆ ಬಂದ್ರೆ ಬರುತ್ತೆ, ಹಳೇ ಲಸಿಕೆ ಕೊಡೋದು ನಿಂತಿದೆ. ಸಾಗರ, ತೀರ್ಥಹಳ್ಳಿ, ಸಿದ್ದಾಪುರ ಕಡೆ ಕೇಳ್ತಿರೋರಿಗೆ ನಾನು ಹೇಳೋದು ಬೇಕಿಲ್ಲ.

ಕೊನೆಗೆ ಒಂದು ಕೆಲಸದ ವಿಷಯ. ನಿಮ್ಮ ಶಾಸಕರ ನಿಧಿಯಿಂದ ಆರೋಗ್ಯಕ್ಕೆ ಎಷ್ಟು ಹೋಗಿದೆ ಅಂತ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು, ಕರ್ನಾಟಕದ ನಿಯಮ ಅದು. ಕ್ಷೇತ್ರದ ಹೆಸರು, ಯಾವ ವರ್ಷದ್ದು, ಯಾವ ಕಾಮಗಾರಿಗೆ ಎಷ್ಟು, ಮುಗಿದಿದೆಯಾ ಇಲ್ವಾ, ಇಷ್ಟು ಕೇಳಿ ಸಾಕು. ಉತ್ತರ ಬಂದ್ರೆ ನನಗೂ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಒಟ್ಟಿಗೆ ಕೂತು ಓದೋಣ.