ತೊಗರಿ ರೈತನ ಮಾತೂ ಕೇಳಬೇಕಾದ ಮಂಡಳಿ

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು, ತಾಂಡೂರಿನ ತೊಗರಿಗೆ 2022ರಲ್ಲಿ. ಹೆಸರು ಎರಡಾದರೂ ನೆಲ ಒಂದೇ: ಸುಣ್ಣಕಲ್ಲಿನ ಪದರದ ಮೇಲೆ ಹರಡಿದ ಎರೆಮಣ್ಣು, ತಾಂಡೂರು ದಾಟಿ ಸೇಡಂ, ಮಳಖೇಡದತ್ತ ಹರಿಯುವ ಕಾಗಿಣಾ. 1956ರ ನವೆಂಬರ್ 1ರವರೆಗೆ ತಾಂಡೂರು ಕಲಬುರಗಿ ಜಿಲ್ಲೆಗೇ ಸೇರಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಸಂವಿಧಾನದ 3ನೇ ವಿಧಿಯಂತೆ ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ಅದು ಗೆರೆ ಎಳೆಯಿತು, ಈ ಊರುಗಳು ಇಂದಿನ ತೆಲಂಗಾಣದ ಕಡೆಗೆ ಹೋದವು. ತೊಗರಿ ಮಾತ್ರ ಎರಡೂ ಕಡೆ ಬೆಳೆಯುತ್ತಲೇ ಬಂತು.

ಈ ತೊಗರಿಯ ಬೆಲೆಯ ಮೇಲೆ ಹಿಡಿತ ಯಾರದು? ಕೃಷಿ ರಾಜ್ಯ ಪಟ್ಟಿಯ ವಿಷಯ. ವಿದೇಶಾಂಗ ವ್ಯವಹಾರ, ಒಪ್ಪಂದ, ಆಮದು-ರಫ್ತು ಎಲ್ಲವೂ ಕೇಂದ್ರ ಪಟ್ಟಿಯವು. ಬಿತ್ತನೆಯ ಹೊಣೆ ಹೈದರಾಬಾದು, ಬೆಂಗಳೂರಿಗೆ. ಬಂದರಿನ ಬಾಗಿಲು ದೆಹಲಿಗೆ.

ಇದರ ಬಿಸಿ ತಟ್ಟಿದ್ದು 2016ರಲ್ಲಿ. ಹಿಂದಿನ ವರ್ಷ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿ ಪಟ್ಟಣಗಳಲ್ಲಿ ಹಾಹಾಕಾರ ಎದ್ದಿತ್ತು. 2016ರ ಜುಲೈಯಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ಒಪ್ಪಂದವಾಯಿತು: ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್ ಬೇಳೆಕಾಳು ತರಿಸುವುದು. ಗಡಿಯ ಎರಡೂ ಬದಿ ರೈತರು ಆಗ ಹೊಲದಲ್ಲಿ ತೊಗರಿ ಬಿತ್ತುತ್ತಿದ್ದರು. ಆ ವರ್ಷ ದೇಶದಲ್ಲಿ ದಾಖಲೆ ಬೆಳೆ ಬಂತು, ಹೊರಗಿನ ಕಾಳೂ ಬಂತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೆ, ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಆಮದಿಗೆ 2 ಲಕ್ಷ ಟನ್ನಿನ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ, ಸುಗ್ಗಿ ಮುಗಿದು ಎಷ್ಟೋ ತಿಂಗಳಾದ ಮೇಲೆ.

ಒಪ್ಪಂದವೇ ತಪ್ಪೆಂದು ನಾನು ಹೇಳುವುದಿಲ್ಲ. ಬೇಳೆ ಕೊಳ್ಳಲಾಗದ ಮನೆಗಳ ಕಷ್ಟವೂ ಕಷ್ಟವೇ. ಆದರೆ ಬೆಳೆಯುವ ರಾಜ್ಯಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಜಾಗ ಯಾವುದು?

ಅಂಥ ಜಾಗವನ್ನು ಸಂವಿಧಾನವೇ ಕೊಟ್ಟಿದೆ. 263ನೇ ವಿಧಿ ಅಂತರರಾಜ್ಯ ಮಂಡಳಿಗೆ ಅವಕಾಶ ಕಲ್ಪಿಸುತ್ತದೆ. ನಾಲ್ಕು ದಶಕ ಅದು ಪುಸ್ತಕದಲ್ಲೇ ಉಳಿದಿತ್ತು. ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿ ಸರ್ಕಾರಿಯಾ ಆಯೋಗ ಕಾಯಂ ಮಂಡಳಿ ಬೇಕೆಂದ ಮೇಲೆ, ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ, 1990ರ ಮೇ 28ರಂದು ರಾಷ್ಟ್ರಪತಿಗಳ ಆದೇಶ ಹೊರಟಿತು. ಪ್ರಧಾನಿ ಅಧ್ಯಕ್ಷರು, ಎಲ್ಲ ಮುಖ್ಯಮಂತ್ರಿಗಳು ಸದಸ್ಯರು, ಜೊತೆಗೆ ಆರು ಮಂದಿ ಕೇಂದ್ರ ಸಚಿವರು. ಕೇಂದ್ರ ಮತ್ತು ರಾಜ್ಯಗಳಿಗೆ ಸಮಾನ ಹಿತಾಸಕ್ತಿಯಿರುವ ಯಾವುದೇ ವಿಷಯವನ್ನು ಇಲ್ಲಿ ಚರ್ಚಿಸಬಹುದು. ಮಂಡಳಿ ಕೊಡುವುದು ಸಲಹೆ ಮಾತ್ರ, ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಮುಖ್ಯಮಂತ್ರಿಯೊಬ್ಬರು ಪ್ರಧಾನಿಯ ಎದುರು ದಾಖಲಾಗುವಂತೆ ಆಡುವ ಮಾತಿಗೆ ತೂಕವಿದೆ. ಕೇಂದ್ರಕ್ಕೆ ಬರೆದ ಪತ್ರಕ್ಕೆ ಆ ತೂಕ ಬರುವುದಿಲ್ಲ.

ಮಂಡಳಿಯ 11ನೇ ಸಭೆ ನಡೆದದ್ದು 2016ರ ಜುಲೈ 16ರಂದು, ಮೊಜಾಂಬಿಕ್ ಒಪ್ಪಂದವಾದ ಅದೇ ತಿಂಗಳು. ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಪುಂಛಿ ಆಯೋಗದ ಶಿಫಾರಸು, ಆಧಾರ್, ಶಾಲಾ ಶಿಕ್ಷಣ, ಆಂತರಿಕ ಭದ್ರತೆ ಅಂದಿನ ಕಾರ್ಯಸೂಚಿಯಲ್ಲಿದ್ದವು. ತೊಗರಿ ಇರಲಿಲ್ಲ.

2021ರಲ್ಲಿ ಮ್ಯಾನ್ಮಾರ್ ಮತ್ತು ಮಲಾವಿಯೊಂದಿಗೂ ಐದೈದು ವರ್ಷದ ತೊಗರಿ ಒಪ್ಪಂದಗಳಾದವು. ಇಂಥ ಒಪ್ಪಂದಗಳ ಅವಧಿ ಮುಂದುವರಿಸುವ ಮೊದಲು ಆಮದಿನ ಪ್ರಮಾಣ ಮತ್ತು ತಿಂಗಳನ್ನು ಅಂತರರಾಜ್ಯ ಮಂಡಳಿಯ ಮುಂದಿಡಬೇಕು. ಕರ್ನಾಟಕ ಮತ್ತು ತೆಲಂಗಾಣದ ಮುಖ್ಯಮಂತ್ರಿಗಳು ಒಟ್ಟಾಗಿ ಇದನ್ನು ಕೇಳಲಿ.