ಊರಿಗೊಂದು ಆಟದ ಬಯಲು: ಮೊದಲು ಕಾಗದ, ಆಮೇಲೆ ಜಾರುಬಂಡಿ



ನಮ್ಮ ಪತ್ರಿಕೆಯ ಪುಟಗಳು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕಾಂಡಕೊರಕ, ಅಡಿಕೆ ಧಾರಣೆ ಇವುಗಳಿಗೇ ಮೀಸಲು. ಈ ಸಲ ಆಟದ ಮೈದಾನದ ವಿಷಯ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ.

ಕಳೆದ ಬೇಸಿಗೆಯಲ್ಲಿ ಸಂಘದ ಕೆಲಸದ ನಿಮಿತ್ತ ಹುಬ್ಬಳ್ಳಿಗೆ ಹೋದವನು ಗಬ್ಬೂರಿನಲ್ಲಿ ತಂಗಿಯ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ಗಬ್ಬೂರ ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿ, ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿದೆ. ಊರನ್ನು ಬಳಸಿ ಧಾರವಾಡದ ಆಚೆ ನರೇಂದ್ರದತ್ತ ಹೋಗುವ ಬೈಪಾಸ್ ರಸ್ತೆ ಇಲ್ಲಿಂದಲೇ ಕವಲೊಡೆಯುತ್ತದೆ. ಉತ್ತರದ ಪೇಟೆಗಳಿಗೆ ಹೋಗುವ ಲಾರಿಗಳು ಹಗಲೂ ರಾತ್ರಿ ಈ ಕ್ರಾಸ್ ದಾಟುತ್ತವೆ. ಸಾಯಂಕಾಲ ಅಡ್ಡಾಡಲು ಹೊರಟಾಗ ರಸ್ತೆಯ ಬದಿಯಲ್ಲಿ ಏಳೆಂಟು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಡಾಂಬರಿನತ್ತ ಉರುಳಿತು. ಹತ್ತು ವರ್ಷದ ಒಬ್ಬ ಹುಡುಗ ಅದರ ಹಿಂದೆ ಓಡಿದ. ಮೂಟೆ ಹೇರಿದ್ದ ಲಾರಿಯೊಂದು ಕಿರುಗುಟ್ಟಿ ನಿಂತಿತು. ಹುಡುಗನಿಗೂ ಅದಕ್ಕೂ ನಾಲ್ಕು ಮಾರು ಅಂತರವಿತ್ತು, ಅಷ್ಟೆ. ನಾನು ಗದರಿಸಿದೆ. ಹುಡುಗ ಚೆಂಡು ಕೈಯಲ್ಲಿ ಹಿಡಿದು, "ಹಂಗಾದ್ರ ಎಲ್ಲಿ ಆಡೂಣ್ರಿ ಕಾಕಾ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಗಬ್ಬೂರಿನದು ಮಾತ್ರವಲ್ಲ. ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿಯೂ ಮಕ್ಕಳು ಕಾಫಿ ಕಣದಲ್ಲಿ, ಅಡಿಕೆ ಅಂಗಳದಲ್ಲಿ, ಬಸ್ಸು ತಿರುಗುವ ಜಾಗದಲ್ಲಿ ಆಡುತ್ತಾರೆ. ಕೊಯ್ಲು ಬಂದರೆ ಅದೂ ಇಲ್ಲ. ತೋಟದ ಲೈನ್ ಮನೆಗಳ ಮಕ್ಕಳ ಪಾಡು ಇನ್ನೂ ಕಷ್ಟ. ತೋಟ ಕಾರ್ಮಿಕರಿಗೆ ಮನರಂಜನೆಯ ಸೌಕರ್ಯವಿರಬೇಕೆಂಬ ಮಾತು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೇ ಬಂದಿತ್ತು. ಅದನ್ನು ನಾವೆಷ್ಟು ಮಂದಿ ಮನಸ್ಸಿಗೆ ಹಚ್ಚಿಕೊಂಡೆವೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ನಾನು ಮಾಡಿದ ತಪ್ಪು

ಹದಿನೈದು ವರ್ಷಗಳ ಹಿಂದೆ ನಮ್ಮ ಊರಿನಲ್ಲಿಯೂ ಒಂದು ಮೈದಾನವಾಯಿತು. ಹಿರಿಯರೊಬ್ಬರು ತಮ್ಮ ಗದ್ದೆಯ ಮೇಲಿನ ಇಪ್ಪತ್ತು ಗುಂಟೆ ಬಯಲನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರು. ನಾವು ಉತ್ಸಾಹದಿಂದ ವಂತಿಗೆ ಎತ್ತಿ ಮೊದಲು ತಂದದ್ದು ಜಾರುಬಂಡಿ ಮತ್ತು ಕಬ್ಬಿಣದ ಗೇಟು. ಮೊದಲ ಮಳೆಗಾಲದಲ್ಲಿಯೇ ನೀರು ನಿಂತು ಬಯಲು ಕೆಸರಾಯಿತು. ಕೆಲವು ವರ್ಷಗಳಲ್ಲಿ ಹಿರಿಯರು ತೀರಿಕೊಂಡರು, ಮಕ್ಕಳಲ್ಲಿ ಹಿಸೆಯಾಯಿತು. ಇಂದು ಅಲ್ಲಿ ಫಸಲು ಕೊಡುವ ಅಡಿಕೆ ತೋಟವಿದೆ. ಜಾರುಬಂಡಿ ನಮ್ಮ ಗೋದಾಮಿನ ಹಿಂದೆ ತುಕ್ಕು ಹಿಡಿದು ಬಿದ್ದಿದೆ. ತಪ್ಪು ಆ ಮಕ್ಕಳದಲ್ಲ. ಕಾಗದ ಮಾಡಿಸದ ನನ್ನದು. ಆದ್ದರಿಂದ ಮೈದಾನವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಮುಂದೆ ವಿವರಿಸಿದ್ದೇನೆ.

1. ಜಾಗ ಮತ್ತು ಕಾಗದ

ಹಳ್ಳಿಯಲ್ಲಿ ಯಾರಾದರೂ ಜಾಗ ಕೊಡುವುದಾದರೆ ಬಾಯಿಮಾತು ಸಾಲದು. ದಾನಪತ್ರ ನೋಂದಣಿಯಾಗಬೇಕು, ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಬೇಕು, ದಾಖಲೆಯಲ್ಲಿ ಪಂಚಾಯತಿಯ ಹೆಸರು ಬರಬೇಕು. ಸರಕಾರಿ ಜಾಗವಾದರೂ ಮೈದಾನಕ್ಕೆಂದು ಕಾಯ್ದಿರಿಸಿದ ಆದೇಶದ ಪ್ರತಿ ಊರಿನವರ ಕೈಯಲ್ಲಿರಬೇಕು.

ಗಬ್ಬೂರಿನಂತಹ ನಗರದ ಅಂಚಿನ ಊರುಗಳಲ್ಲಿ ಕ್ರಮ ಬೇರೆ. ಅಲ್ಲಿ ಹೊಲಗಳು ಬಡಾವಣೆಗಳಾಗುತ್ತಿವೆ. ಬಡಾವಣೆಯ ನಕ್ಷೆಗೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಬೇಕು. ಮಂಜೂರಾದ ನಕ್ಷೆಯಲ್ಲಿ ಉದ್ಯಾನ ಮತ್ತು ಬಯಲಿಗೆಂದು ಒಂದು ಪಾಲು ಗುರುತಾಗಿರುತ್ತದೆ. ನಿವಾಸಿಗಳು ಮೊದಲು ಮಾಡಬೇಕಾದ ಕೆಲಸವೆಂದರೆ ಆ ನಕ್ಷೆಯ ಪ್ರತಿ ಪಡೆಯುವುದು. ಕೇಳಿದರೆ ಕೊಡದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ನಂತರ ಟೇಪು ಹಿಡಿದು ಸ್ಥಳದಲ್ಲಿ ಅಳೆಯಬೇಕು. ನಕ್ಷೆಯಲ್ಲಿ ಹಸಿರಾಗಿರುವುದು ನೆಲದ ಮೇಲೂ ಖಾಲಿಯಿದೆಯೇ ಎಂದು ನೋಡಬೇಕು.

ಇದು ವ್ಯರ್ಥ ಶ್ರಮವಲ್ಲವೆಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣವೇ ಸಾಕ್ಷಿ. ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಹಂಚಿಕೊಡಲಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದ ಬಂದರೂ, 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು; ಬಯಲನ್ನು ಉಳಿಸಿಕೊಳ್ಳಲು ನ್ಯಾಯಾಲಯಕ್ಕೆ ಬರುವ ಹಕ್ಕು ಅಲ್ಲಿ ವಾಸಿಸುವವರಿಗೆ ಉಂಟೆಂದೂ ಹೇಳಿತು. ನಕ್ಷೆಯಲ್ಲಿ ಗುರುತಿದ್ದುದರಿಂದಲೇ ಅವರು ಗೆದ್ದರು. ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯೊಂದೂ ಇದೆ.

2. ಹೆದ್ದಾರಿ ದಾಟಿಸಬಾರದು

ಜಾಗ ಎಷ್ಟು ಚೆನ್ನಾಗಿದ್ದರೂ ಮಗು ದೊಡ್ಡ ರಸ್ತೆ ದಾಟಿ ಅಲ್ಲಿಗೆ ಹೋಗಬೇಕಾದರೆ ಅದು ಒಳ್ಳೆಯ ಜಾಗವಲ್ಲ. ಗಬ್ಬೂರಿನಂತೆ ರಸ್ತೆಯ ಎರಡೂ ಬದಿಗೆ ಮನೆಗಳಿರುವಲ್ಲಿ ಒಂದು ದೊಡ್ಡ ಮೈದಾನಕ್ಕಿಂತ ಎರಡು ಬದಿಗೂ ಒಂದೊಂದು ಚಿಕ್ಕ ಬಯಲು ಮೇಲು. ಬಾಗಿಲು ಒಳರಸ್ತೆಯ ಕಡೆಗಿರಬೇಕು. ದೊಡ್ಡ ರಸ್ತೆಯ ಮಗ್ಗುಲಿಗೆ ಚೆಂಡು ಹಾರದಷ್ಟು ಎತ್ತರದ ಜಾಲಿಬೇಲಿ ಕಡ್ಡಾಯ.

ಚಿಕ್ಕ ಜಾಗದಲ್ಲಿ ಏನಾದೀತೆಂದು ಉದಾಸೀನ ಮಾಡಬಾರದು. ಎರಡನೆಯ ಮಹಾಯುದ್ಧದ ನಂತರ, 1947ರಿಂದ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಮನೆಗಳ ನಡುವೆ ಖಾಲಿ ಬಿದ್ದಿದ್ದ ತುಂಡು ಜಾಗಗಳನ್ನೇ ಆಯ್ದು, ಮರಳಿನ ಗುಂಡಿ, ಬಾಗಿಸಿದ ಕಬ್ಬಿಣದ ಕಂಬಿ, ಹಾರಿ ದಾಟುವ ಕಲ್ಲುಗಳು ಇಷ್ಟನ್ನೇ ಹಾಕಿ ಮುಂದಿನ ಮೂರು ದಶಕಗಳಲ್ಲಿ ಸುಮಾರು 700 ಆಟದ ತಾಣಗಳನ್ನು ಮಾಡಿದರು.

3. ಅಳತೆ

ಅರ್ಧ ಎಕರೆಯಲ್ಲಿ, ಎಂದರೆ 20 ಗುಂಟೆಯಲ್ಲಿ, ಏನೆಲ್ಲ ಹಿಡಿಸುತ್ತದೆಂದು ಲೆಕ್ಕ ಹಾಕೋಣ. ಖೋ-ಖೋ ಅಂಕಣ 27 ಮೀಟರು ಉದ್ದ, 16 ಮೀಟರು ಅಗಲ. ಸುತ್ತ ಒಂದೂವರೆ ಮೀಟರು ಬಿಟ್ಟರೆ ಸುಮಾರು 6 ಗುಂಟೆ. ವಾಲಿಬಾಲ್ ಅಂಕಣ 18 ಮತ್ತು 9 ಮೀಟರು. ಸುತ್ತ ಮೂರು ಮೀಟರು ಸೇರಿ ಸುಮಾರು 4 ಗುಂಟೆ. ಗಂಡಸರ ಕಬಡ್ಡಿ ಅಂಕಣ 13 ಮತ್ತು 10 ಮೀಟರು. ಅಂಚು ಸೇರಿ 3 ಗುಂಟೆ ಸಾಕು. ಚಿಕ್ಕ ಮಕ್ಕಳಿಗೆ 3 ಗುಂಟೆ. ಒಟ್ಟು 16 ಆಯಿತು. ಉಳಿದ ನಾಲ್ಕರಲ್ಲಿ ಮರ, ಕಟ್ಟೆ, ಕಾಲುದಾರಿ. ಅಂಕಣಗಳ ಉದ್ದ ಉತ್ತರ-ದಕ್ಷಿಣವಾಗಿರಲಿ. ಸಂಜೆಯ ಬಿಸಿಲು ಆಟಗಾರರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ.

ದೊಡ್ಡವರ ಕ್ರಿಕೆಟ್ಟಿಗೆ ಇದು ಸಾಲದು. ನಡುವಿನಿಂದ ಸುತ್ತಲೂ 60 ಮೀಟರು ಬೇಕೆಂದರೂ ಸುಮಾರು ಮೂರು ಎಕರೆಯಾಗುತ್ತದೆ. ಇದನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ದೊಡ್ಡ ಹುಡುಗರು ಇಡೀ ಬಯಲನ್ನು ಹಿಡಿದುಕೊಂಡು ಚಿಕ್ಕವರು ಮತ್ತೆ ರಸ್ತೆಗೆ ಬರುತ್ತಾರೆ.

4. ಮಣ್ಣು ಮತ್ತು ನೀರು

ಹುಬ್ಬಳ್ಳಿಯ ಸುತ್ತ ಹೆಚ್ಚಾಗಿರುವುದು ಎರೆ ಮಣ್ಣು. ಮಳೆಯಲ್ಲಿ ಹಿಗ್ಗಿ ಕಾಲಿಗೆ ಅಂಟುತ್ತದೆ; ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಓಡುವ ಮಗುವಿನ ಕಾಲು ಸಿಕ್ಕಿ ಉಳುಕಲು ಆ ಬಿರುಕು ಸಾಕು. ಆದುದರಿಂದ ಮೇಲಿನ ಸಡಿಲ ಮಣ್ಣನ್ನು ಎಂಟು ಅಂಗುಲ ತೆಗೆದು, ತಳವನ್ನು ಗಟ್ಟಿ ಮಾಡಿ, ಗರಸನ್ನು ನಾಲ್ಕು ನಾಲ್ಕು ಅಂಗುಲದ ಎರಡು ಪದರಗಳಲ್ಲಿ ಹರಡಿ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್ ಹಾಯಿಸಬೇಕು. ಖೋ-ಖೋ ಅಂಕಣ ಒಂದಕ್ಕೇ ಸುಮಾರು 115 ಘನ ಮೀಟರು ಗರಸು ಬೇಕು. ವಂತಿಗೆಯ ದೊಡ್ಡ ಪಾಲು ಹೋಗಬೇಕಾದದ್ದು ಇಲ್ಲಿಗೆ, ಜಾರುಬಂಡಿಗಲ್ಲ.

ನೂರಕ್ಕೆ ಒಂದರಂತೆ ಇಳಿಜಾರು ಕೊಡಬೇಕು. ನಡು ಎತ್ತರ, ಎರಡು ಅಂಚು ತಗ್ಗು. ಅಂಕಣದ ನಡುವಿನಿಂದ ಅಂಚಿಗೆ ನಾಲ್ಕು ಅಂಗುಲದಷ್ಟು. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ತಿಳಿಯುತ್ತದೆ. ಸುತ್ತಲೂ ಬಸಿಗಾಲುವೆ ತೆಗೆದು ತಗ್ಗಿನ ಕಡೆಗೆ ಬಿಡಬೇಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ಮುಚ್ಚಿಹೋದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಲೆನಾಡಿನ ಮೈದಾನಕ್ಕೆ ಇದು ಇನ್ನೂ ಅಗತ್ಯ. ಹುಬ್ಬಳ್ಳಿಯ ಮಳೆ ನಮ್ಮ ಮಳೆಯ ಮೂರನೆಯ ಒಂದು ಪಾಲು ಮಾತ್ರ.

5. ನೆರಳು ಮತ್ತು ಸಲಕರಣೆ

ಬಯಲು ಸೀಮೆಯಲ್ಲಿ ಬೇವು, ಹೊಂಗೆ ಉತ್ತಮ. ಮೊದಲ ವರ್ಷವೇ ಪಶ್ಚಿಮದ ಅಂಚಿನಲ್ಲಿ ನೆಡಬೇಕು. ಮೂರು ಬೇಸಿಗೆ ನೀರು ಹಾಕಬೇಕು. ಕೊಂಬೆ ಬೇಗ ಮುರಿಯುವ ಮರಗಳು ಬೇಡ.

ಸಲಕರಣೆ ಕೊನೆಯಲ್ಲಿ ಬರಲಿ. ಉಯ್ಯಾಲೆಯ ಕೆಳಗೆ ಒಂದು ಅಡಿ ಮರಳಿರಬೇಕು. ಅದರ ಮುಂದೆ ಹಿಂದೆ ಯಾರೂ ನಡೆದಾಡದಂತೆ ಜಾಗ ಬಿಡಬೇಕು. ತಗಡಿನ ಜಾರುಬಂಡಿ ಮಧ್ಯಾಹ್ನ ಹೆಂಚಿನಂತೆ ಕಾಯುತ್ತದೆ, ನೆರಳಿನಲ್ಲಿಯೇ ನಿಲ್ಲಿಸಬೇಕು. ಎರೆ ನೆಲದಲ್ಲಿ ಕಂಬದ ಗುಂಡಿ ಆಳವಾಗಿರಲಿ. ಸುತ್ತ ಗರಸು ತುಂಬಲಿ. ಇಲ್ಲವಾದರೆ ಎರಡು ಮಳೆಗಾಲಕ್ಕೆ ಕಂಬ ವಾಲುತ್ತದೆ.

6. ನೋಡಿಕೊಳ್ಳುವವರು

ಏಳು ಮಂದಿಯ ಸಮಿತಿ ಸಾಕು. ಅದರಲ್ಲಿ ಶಾಲೆಯ ಶಿಕ್ಷಕರೊಬ್ಬರು, ತಾಯಂದಿರು ಕನಿಷ್ಠ ಮೂವರು ಇರಲಿ. ಹೆಣ್ಣುಮಕ್ಕಳಿಗೆ ಆಟದ ವೇಳೆ ಗೊತ್ತುಮಾಡಿ ಫಲಕದಲ್ಲಿ ಬರೆಯಬೇಕು. ಬರೆಯದಿದ್ದರೆ ಅವರ ಸರದಿ ಬರುವುದೇ ಇಲ್ಲ. ಕುಡಿಯುವ ನೀರು, ಶೌಚಾಲಯ, ಒಂದು ದೀಪ ಇರಲೇಬೇಕು. ಮಳೆಗಾಲಕ್ಕೆ ಮುಂಚೆ ಕಾಲುವೆ ಎತ್ತುವುದು, ಮಳೆ ನಿಂತ ಮೇಲೆ ಗರಸು ಸರಿಪಡಿಸುವುದು, ತಿಂಗಳಿಗೊಮ್ಮೆ ಉಯ್ಯಾಲೆಯ ಸರಪಳಿ, ನಟ್ಟು ನೋಡುವುದು ಇವಿಷ್ಟು ಕೆಲಸ. ಇದಕ್ಕೆ ಪ್ರತಿವರ್ಷ ಹಣ ಬೇಕೆಂಬುದನ್ನು ಉದ್ಘಾಟನೆಯ ಮೊದಲೇ ಯೋಚಿಸಬೇಕು. ನಮ್ಮಂತಹ ಸಹಕಾರ ಸಂಘಗಳು, ಉಪವಿಧಿಯಲ್ಲಿ ಅವಕಾಶವಿದ್ದಲ್ಲಿ, ಸಾಮಾನ್ಯ ಸಭೆಯ ಒಪ್ಪಿಗೆ ಪಡೆದು ಲಾಭಾಂಶದ ಒಂದು ಚಿಕ್ಕ ಪಾಲನ್ನು ಇದಕ್ಕೆ ತೆಗೆದಿಡಬಹುದು.

ಕೊನೆಯ ಮಾತು

ತಂಗಿಯ ಮನೆಯಿಂದ ಹೊರಡುವ ಮುನ್ನ ಭಾವನವರಿಗೆ, ಮೊದಲು ಬಡಾವಣೆಯ ನಕ್ಷೆ ತೆಗೆಸಿರೆಂದು ಹೇಳಿ ಬಂದೆ. ಈಗ ಅರ್ಜಿ ಹಾಕಿದ್ದಾರಂತೆ. ಅಲ್ಲಿಯವರೆಗೆ ಓಣಿಯ ನಾಲ್ಕು ಮಂದಿ ಹಿರಿಯರು ಸಂಜೆ ಹೊತ್ತು ಸರದಿಯಂತೆ ರಸ್ತೆಯ ಅಂಚಿನಲ್ಲಿ ಕುಳಿತು ಮಕ್ಕಳನ್ನು ಕಾಯುತ್ತಿದ್ದಾರೆ.

ನಮ್ಮ ಊರಿನಲ್ಲಿ ಮತ್ತೊಮ್ಮೆ ಪ್ರಯತ್ನಿಸಬೇಕೆಂಬುದು ನನ್ನ ಆಸೆ. ಜಾಗ ಕೊಡಬಲ್ಲ ಸದಸ್ಯರಿದ್ದರೆ ದಯವಿಟ್ಟು ಸಂಘದ ಕಚೇರಿಯಲ್ಲಿ ತಿಳಿಸಬೇಕು. ಈ ಸಲ ನೋಂದಣಿ ಕಚೇರಿಗೆ ನಾನೇ ಜೊತೆಯಲ್ಲಿ ಬರುತ್ತೇನೆ. ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲಾಗಿದೆ. ಸದಸ್ಯರು ತಪ್ಪದೆ ಬಂದು ಸಲಹೆ ನೀಡಬೇಕೆಂದು ವಿನಂತಿ.

— ಕಾರ್ಯದರ್ಶಿ